ಕೂಗರ್ ಬಗ್ಗೆ ಕಾಗೆಗೆ ಕೊಟ್ಟ ಮಾತು

ನಾನು ಹುಟ್ಟಾ ಪುಕ್ಕಲ. ಹಲ್ಲಿ ಲೊಚಗುಟ್ಟಿದರೂ ದೀಪ ಹಾಕಿ ನೋಡುವವನು. ಅಮೆರಿಕದ ಮಿಷಿಗನ್ನಿನ ವೆಸ್ಟ್ ಬ್ಲೂಮ್‌ಫೀಲ್ಡಿನಲ್ಲಿ ನಾನು ಮನೆ ಕೊಂಡದ್ದೇ ಇಲ್ಲಿ ಅಳಿಲಿಗಿಂತ ದೊಡ್ಡ ಪ್ರಾಣಿ ಇರಲಾರದು ಎಂಬ ಧೈರ್ಯದಿಂದ. ಆಮೇಲೆ ಜಿಂಕೆಗಳು ಬಂದವು. ಅಮ್ಮ ಹಾಕಿದ್ದ ಮೆಂತ್ಯದ ಮಡಿಯನ್ನು ಬುಡಸಮೇತ ಮೇಯ್ದು, ಹಿತ್ತಿಲ ಮರದ ಜಗಲಿ, ಡೆಕ್ ಮೇಲೆ ನಿಂತಿದ್ದ ನನ್ನನ್ನೇ ‘ಯಾರು ಬೇಕಿತ್ತು?’ ಎಂಬಂತೆ ನೋಡಿದವು. ಈಗ ಜಿಂಕೆಗಳ ಬೆನ್ನು ಹಿಡಿದು ಕೂಗರ್ ಬಂದಿದೆಯಂತೆ.

ಕೂಗರ್ ಎಂದರೆ ನಮ್ಮ ಚಿರತೆಯ ದೂರದ ದಾಯಾದಿ. ಕಂದು ಮೈ, ಉದ್ದ ಬಾಲ, ಚುಕ್ಕೆಯಿಲ್ಲ. ಪಶ್ಚಿಮದ ಬೆಟ್ಟಗಳಲ್ಲಿ ಜಾಗ ಸಾಲದೆ ಪ್ರಾಯದ ಗಂಡುಗಳು ಹೆಣ್ಣು ಹುಡುಕಿಕೊಂಡು ನೂರಾರು ಮೈಲಿ ಪೂರ್ವಕ್ಕೆ ನಡೆಯುತ್ತವಂತೆ. ಶಿಕಾಗೋದವರೆಗೂ ನಡೆದು ಬಂದದ್ದುಂಟು. ಹೆಣ್ಣುಗಳು ಮಾತ್ರ ಸಾಮಾನ್ಯವಾಗಿ ಅಷ್ಟು ದೂರ ಹೊರಡುವುದಿಲ್ಲ. ಇದನ್ನು ಓದಿ ಹೇಳಿದಾಗ ಅಮ್ಮ, “ಪಾಪ, ಯಾರನ್ನೂ ವಿಚಾರಿಸದೆ ಹೊರಟುಬಿಡ್ತಾವಲ್ಲೋ” ಅಂದಳು.

ಎದುರುಮನೆಯ ಕ್ಯಾರಲ್ ನಮ್ಮ ಸಬ್‌ಡಿವಿಷನ್ನಿನ, ಅಂದರೆ ಬಡಾವಣೆಯ, ಅಸೋಸಿಯೇಷನ್ ಅಧ್ಯಕ್ಷೆ. ಅವಳ ಬಾಗಿಲಿನ ಕ್ಯಾಮೆರಾದಲ್ಲಿ ಕಂಡದ್ದು ಅರ್ಧ ಬೆನ್ನು, ಒಂದು ಬಾಲ. ಕೂಗರೋ, ಯಾರದೋ ಮನೆಯ ಕೊಬ್ಬಿದ ಬೆಕ್ಕೋ ಎಂದು ಚರ್ಚೆ ನಡೆದೇ ನಡೆಯಿತು. ಬೇಲೂರಿನ ಗುಡಿಯ ಮುಂದೆ ವೀರನೊಬ್ಬ ಇರಿಯುತ್ತಿರುವುದು ಹುಲಿಯೋ ಸಿಂಹವೋ ಎಂದು ನಮ್ಮವರು ಇಂದಿಗೂ ವಾದಿಸುತ್ತಾರೆ. ಅದು ಎದುರಿಗೇ ನಿಂತ ಕಲ್ಲು, ಇದು ಮಸುಕು ವೀಡಿಯೊ.

ಆ ಪ್ರಾಣಿಯನ್ನು ಹಿಡಿಸಿ ದೂರ ಸಾಗಿಸುವಂತೆ ಸರ್ಕಾರವನ್ನು ಕೇಳೋಣವೇ ಎಂದು ಕ್ಯಾರಲ್ ಮೀಟಿಂಗಿನಲ್ಲಿ ಕೇಳಿದಾಗ ಎಲ್ಲರಿಗಿಂತ ಮೊದಲು ಎದ್ದದ್ದು ನನ್ನ ಕೈ. ಅಲ್ಲಿಯತನಕ ಯಾರೂ ಮನೆಯ ಹೊರಗೆ ಒಂದಗುಳು ಆಹಾರ ಇಡಕೂಡದು ಎಂದಳು. ಅದಕ್ಕೂ ಎತ್ತಿದೆ. ಮುಂದಿನ ಭಾನುವಾರವೇ ಅಪ್ಪನ ತಿಥಿ ಎನ್ನುವುದು ಆ ಕೈಗೆ ನೆನಪಿರಲಿಲ್ಲ.

ತಿಥಿಯ ದಿನ ಕಾಗೆ ಎಡೆ ಮುಟ್ಟದೆ ಅಮ್ಮ ತುತ್ತು ಎತ್ತುವುದಿಲ್ಲ. ಸಕ್ಕರೆ ಕಾಯಿಲೆ ಬೇರೆ. ಪ್ರತಿವರ್ಷ ಡೆಕ್ಕಿನ ಮೇಲೆ ಇಡುತ್ತಿದ್ದೆವು, ಮಿಷಿಗನ್ನಿನ ಕಾಗೆಗಳು ಯಾವ ಗೋತ್ರವೆಂದೂ ಕೇಳದೆ ತಿನ್ನುತ್ತಿದ್ದವು. ಈ ಸಲ ಪುರೋಹಿತರು ಮುಗಿಸಿ ಹೊರಟ ಮೇಲೆ ಎಡೆಯನ್ನೂ ಅಮ್ಮನನ್ನೂ ಮಗಳು ಮೇಘನಾಳನ್ನೂ ಕಾರಿನಲ್ಲಿ ಕೂರಿಸಿಕೊಂಡು ಸೌತ್‌ಫೀಲ್ಡಿನ ನನ್ನ ಆಫೀಸಿಗೆ ಹೋದೆ. ಅಲ್ಲಿನ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಕಾಗೆಗಳದೇ ರಾಜ್ಯ.

ದೀಪದ ಕಂಬದ ಕಟ್ಟೆಯ ಮೇಲೆ ಬಾಳೆಲೆ ಇಟ್ಟು ದೂರ ಸರಿದೆವು. ಮೇಲೆ ಕೂತ ಕಾಗೆ ನೋಡಿತು, ಇಳಿಯಲಿಲ್ಲ. ಅಮ್ಮ “ಕಾ ಕಾ” ಅಂದಳು. ನಾನೂ ಅಂದೆ.

“ಡ್ಯಾಡ್, ಇಟ್ಸ್ ಫುಲ್. ಇವು ಆಲ್ ಡೇ ಫ್ರೈಸ್ ತಿಂತಾವೆ” ಎಂದಳು ಮೇಘನಾ.

“ಹೊಟ್ಟೆ ತುಂಬಿದ್ದಲ್ಲ. ಅವರ ಮನಸ್ಸಲ್ಲಿ ಏನೋ ಇದೆ. ಮಾತು ಕೊಡು” ಎಂದಳು ಅಮ್ಮ. ಕಾಗೆ ಇಳಿಯದಿದ್ದರೆ ಹೋದವರಿಗೆ ಏನೋ ಆಸೆ ಉಳಿದಿದೆ, ಅದನ್ನು ನಡೆಸುತ್ತೇನೆ ಎನ್ನಬೇಕು ಎಂಬುದು ನಮ್ಮ ಕಡೆಯ ನಂಬಿಕೆ.

ದಿನಾ ವಾಕಿಂಗ್ ಹೋಗುತ್ತೇನೆ ಎಂದೆ. ಕಾಗೆ ರೆಕ್ಕೆ ಕೆದರಿತು. ಕಾಫಿ ಕಡಿಮೆ ಮಾಡುತ್ತೇನೆ ಎಂದೆ. ಬೆನ್ನು ತಿರುಗಿಸಿ ಕೂತಿತು. ಅಪ್ಪನ ಮುಂದೆ ನನ್ನ ಸುಳ್ಳು ಎಂದೂ ನಡೆಯುತ್ತಿರಲಿಲ್ಲ. ಅಷ್ಟರಲ್ಲಿ ಸಕ್ಕರೆ ಇಳಿದು ಅಮ್ಮ ಕಾರಿಗೆ ಒರಗಿದ್ದು ಕಂಡು ನನಗೆ ನಿಜಕ್ಕೂ ಭಯವಾಯಿತು.

“ಆ ಪ್ರಾಣೀನ ಹಿಡಿಸೋಕೆ ಕೈ ಎತ್ತಿದ್ಯಂತಲ್ಲ? ಅದನ್ನ ಹೇಳು ಮೊದಲು” ಎಂದಳು ಅಮ್ಮ. ಮೇಘನಾ ಎತ್ತಲೋ ನೋಡಿದಳು.

ಮೈಸೂರಿನ ನಮ್ಮ ಹಿತ್ತಿಲಲ್ಲಿ, ಸೌದೆ ರಾಶಿಯ ಕೆಳಗೆ ಒಂದು ಕೇರೆಹಾವಿತ್ತು. ಹೊಡೆಯೋಣವೆಂದು ಕೇರಿಯೆಲ್ಲ ದೊಣ್ಣೆ ಹಿಡಿದು ಬಂದರೂ ಅಪ್ಪ ಬಿಡಲಿಲ್ಲ. ಹಿತ್ತಿಲಿಗೆ ಹೋಗುವಾಗ ಅದಕ್ಕೆ ತಿಳಿಯಲೆಂದು ಕೆಮ್ಮಿ ಹೋಗುತ್ತಿದ್ದರು. ಹಾವಿಗೆ ಕಿವಿಯೇ ಇಲ್ಲವಂತೆ ಎಂದು ನಾನು ಸ್ಕೂಲಿನಿಂದ ಕಲಿತು ಬಂದು ಹೇಳಿದರೆ, “ಇಲ್ಲದಿದ್ರೆ ಬೇಡ, ನಮ್ಮ ಮರ್ಯಾದೆ ನಮಗೆ” ಎಂದಿದ್ದರು.

“ಅಪ್ಪಾ, ಅದರ ತಂಟೆಗೆ ಹೋಗಲ್ಲ” ಎಂದೆ.

ಕಾಗೆ ಇಳಿಯಿತು. ಗಾಳಿಗೆ ವಡೆಯ ವಾಸನೆ ಆಗಷ್ಟೇ ಮೇಲೇರಿತ್ತೋ ಏನೋ, ವಿಜ್ಞಾನ ಓದಿದವನಾಗಿ ನಾನು ಏನೂ ಹೇಳಲಾರೆ. ವಡೆಯನ್ನೇ ಮೊದಲು ಎತ್ತಿಕೊಂಡಿತು, ಅಪ್ಪನ ಹಾಗೆಯೇ. ಅಮ್ಮ ಕಾರಿನಲ್ಲೇ ಡಬ್ಬಿ ಬಿಚ್ಚಿ ಹೊಟ್ಟೆತುಂಬ ಉಂಡಳು. ನನಗೆ ಜೀವ ಬಂದ ಹಾಗಾಯಿತು.

ಧೈರ್ಯವೇನೂ ಬಂದಿಲ್ಲ. ಸಂಜೆ ಕಸದ ಡಬ್ಬ ಹೊರಗಿಡುವಾಗ ಜೋರಾಗಿ ಕೆಮ್ಮಿಕೊಂಡೇ ಹೋಗುತ್ತೇನೆ. ನೆನ್ನೆಯ ಮೀಟಿಂಗಿನಲ್ಲಿ ಎದ್ದು ನಿಂತು, ಎತ್ತಿದ ಕೈ ವಾಪಸು ತೆಗೆದುಕೊಳ್ಳುತ್ತಿದ್ದೇನೆ ಎಂದೆ. ಕೂಗರ್ ಅದರ ಪಾಡಿಗೆ ಹೋಗುತ್ತದೆ, ಕಸದ ಡಬ್ಬದ ಮುಚ್ಚಳ ಭದ್ರ ಮಾಡೋಣ ಎಂದೂ ಸೇರಿಸಿದೆ.

ಕ್ಯಾರಲ್ ಕನ್ನಡಕ ಇಳಿಸಿ, ಏಕಾಏಕಿ ಏನಾಯಿತೆಂದು ಕೇಳಿದಳು. ನಮ್ಮ ತಂದೆಗೆ ಮಾತು ಕೊಟ್ಟಿದ್ದೇನೆ ಎಂದೆ.

“ಓ, ಅವರೂ ಇಲ್ಲೇ ಇದ್ದಾರಾ? ಎಲ್ಲಿ?”

“ಸೌತ್‌ಫೀಲ್ಡಿನಲ್ಲಿ” ಎಂದೆ.