ಮಿನುಗುತ್ತಿದ್ದ ಹಳದಿ ದೀಪ

ರಾಜೀವನಗರದ ಆ ಮೆಕ್ಯಾನಿಕ್ ಬಾನೆಟ್ ಎತ್ತಿದೊಡನೆ ಎಂಜಿನ್ ಮೂಸಿ ನೋಡುತ್ತಿದ್ದರು. ಯಾರು ಏನೇ ಕೇಳಲಿ, "ನಂಗೊತ್ತು, ಬುಡಿ ಸ್ವಾಮಿ" ಎನ್ನುತ್ತಿದ್ದರು.

2003ರ ಜನವರಿಯಲ್ಲಿ ನಾನು ಸ್ಕೂಟರ್ ರಿಪೇರಿಗೆ ಕಾಯುತ್ತಿದ್ದಾಗ ಡಾಕ್ಟರೊಬ್ಬರು ಅಮೆರಿಕದಿಂದ ತರಿಸಿದ್ದ ಕಾರು ತಂದರು. ಸ್ಟೀರಿಂಗ್ ಮುಂದಿನ ಫಲಕದಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಮಿನುಗುತ್ತಿತ್ತು. ಅಲ್ಲಿ ಆ ದೀಪ ಇರಲೇಬೇಕೆಂಬ ಕಾನೂನಿತ್ತು, ಇಲ್ಲಿ ಆಗ ಇರಲಿಲ್ಲ.

"ಇದೇನ್ರೀ, ಹಿಂಗೆ ಕಣ್ಣು ಹೊಡೀತದೆ?"

"ಅವರ ದೇಶದ ಹೊಗೆ ಕಾನೂನು ಸಾರ್. ನಮ್ಮೂರಲ್ಲಿ ಹೊಗೆ ಯಾರು ಕೇಳ್ತಾರೆ? ನಂಗೊತ್ತು, ಬುಡಿ."

ದೀಪದ ಮೇಲೆ ಕಪ್ಪು ಟೇಪ್ ಅಂಟಿಸಿ, ಟ್ರಯಲ್ ನೋಡಲು ತಾವೇ ಊರಾಚೆ ಓಡಿಸಿದರು. ನನಗೆ ಆಮೇಲೆ ತಿಳಿಯಿತು: ದೀಪ ಮಿನುಗಿದರೆ ಉರಿಯದ ಪೆಟ್ರೋಲ್ ಕಾರಿನಡಿಯ ಹೊಗೆಕೊಳವೆಗೆ ನುಗ್ಗಿ ಅದು ಕೆಂಡವಾಗುತ್ತಿದೆ, ಗಾಡಿ ನಿಲ್ಲಿಸಬೇಕು ಎಂದರ್ಥವಂತೆ. ಒಕ್ಕಣೆಗೆಂದು ರೈತರು ರಸ್ತೆಯಲ್ಲಿ ಹುರುಳಿ ಹರಡಿದ್ದರು. ಎಲ್ಲ ಗಾಡಿಯವರಂತೆ ಮೆಕ್ಯಾನಿಕ್ಕೂ ಅದರ ಮೇಲೇ ಹೋದರು. ಆ ಕೊಳವೆಗೆ ಸಿಕ್ಕಿಕೊಂಡ ಒಣಬಳ್ಳಿ ಹೊತ್ತಿಕೊಂಡಿತು. ಇಳಿದು, ಅದನ್ನು ಎಳೆದು ಬಿಡಿಸಲು ಅವರು ಎರಡೂ ಕೈ ಹಾಕಿದರು.

ಏಪ್ರಿಲ್‌ನಲ್ಲಿ ಅವರ ಹೆಂಡತಿ ಗ್ಯಾರೇಜಿನ ಸಾಮಾನನ್ನೆಲ್ಲ ಗುಜರಿಗೆ ಹಾಕುತ್ತಿದ್ದರು.

"ಹತ್ತು-ಹನ್ನೊಂದರ ಸ್ಪ್ಯಾನರ್ ಒಂದು ಇರ್ಲಿ ಕಣೇ."

ಆಕೆ ಅದನ್ನು ಗಂಡನ ಅಂಗೈ ಮೇಲಿಟ್ಟರು. ಸುಟ್ಟ ಬೆರಳುಗಳು ಮಡಚಿಕೊಳ್ಳಲಿಲ್ಲ. ಸ್ಪ್ಯಾನರ್ ಕೆಳಗೆ ಬಿತ್ತು. ಹೆಂಡತಿ ಅದನ್ನೂ ಎತ್ತಿ ಗುಜರಿ ಚೀಲಕ್ಕೆ ಹಾಕಿದರು.