ಹೊಳೆ ಏರುವ ಲೆಕ್ಕ

ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಎಂಬತ್ತರ ದಶಕದಲ್ಲಿ ಉಜಿರೆಯಲ್ಲಿ ಗಣಿತ ಕಲಿಸುತ್ತಿದ್ದಾಗ, ಘಟ್ಟದ ಕಡೆ ಮೋಡ ಕಪ್ಪಾದರೆ ಪಾಠದ ನಡುವೆಯೇ ಕಿಟಕಿಗೆ ಹೋಗಿ ನಿಲ್ಲುತ್ತಿದ್ದೆ. ಅಲ್ಲಿ ಸುರಿದ ಮಳೆ ಹೊಳೆಯಾಗಿ ಬಂಟ್ವಾಳ ಪೇಟೆಗೆ ಇಳಿಯುತ್ತಿತ್ತು. ಆ ಪೇಟೆಯಲ್ಲಿ, ಹೊಳೆಗೆ ಬೆನ್ನು ಹಾಕಿದ ದಿನಸಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ನನ್ನ ಹೆಂಡತಿಯ ತಾಯಿ ಸೊಂಟ ಮುರಿದುಕೊಂಡು ಮಲಗಿದ್ದರು.

ಹೊಳೆ ಏರುವ ಲಕ್ಷಣ ಕಂಡರೆ ಸಾಮಾನನ್ನೆಲ್ಲ ಅಟ್ಟಕ್ಕೆ ಸಾಗಿಸುವುದು ಪೇಟೆಯವರ ಕ್ರಮ. ಅಕ್ಕಿ ಮೂಟೆಗೆ ನೋವಿಲ್ಲ. ಅತ್ತೆಯನ್ನು ಮಾತ್ರ ಬೆತ್ತದ ಕುರ್ಚಿಯಲ್ಲಿ ಕೂರಿಸಿ ಕಡಿದಾದ ಮೆಟ್ಟಿಲಲ್ಲಿ ಎತ್ತಿದರೆ ಸೆರಗು ಕಚ್ಚಿಕೊಂಡು ನರಳುತ್ತಿದ್ದರು. ಎತ್ತದಿದ್ದರೆ ನೀರಿನ ಭಯ. ನಮ್ಮ ಮನೆಗೆ ಬನ್ನಿ ಎಂದರೆ ಬಸ್ಸಿನ ಕುಲುಕಾಟ ತಡೆಯಲಾರೆ ಎಂದುಬಿಟ್ಟರು. ಯಾವಾಗ ಎತ್ತಬೇಕು ಎಂಬ ಪ್ರಶ್ನೆ ನನ್ನ ತಲೆ ತಿನ್ನತೊಡಗಿತು.

ಆಗಲೇ ಕಾಲೇಜಿಗೆ ಬಂದ ಪತ್ರಿಕೆಯೊಂದರಲ್ಲಿ ಫಜ್ಜಿ, ಅಂದರೆ ಅಂಚು ಮಸುಕಾದ, ತರ್ಕದ ಬಗ್ಗೆ ಓದಿದೆ. ನಾನು ಕಲಿಸುತ್ತಿದ್ದ ತರ್ಕದಲ್ಲಿ ಮಳೆ ಒಂದೋ ಜೋರು, ಇಲ್ಲವೇ ಜೋರಲ್ಲ. ಇದರಲ್ಲಿ ಮಳೆ ಅರ್ಧ ಜೋರಿರಬಹುದು, ಹೊಳೆಯ ನೀರು ಮಣ್ಣು ಕಲಸಿ ಮುಕ್ಕಾಲು ಕೆಂಪಿರಬಹುದು. 'ಮಳೆ ಜೋರಿದ್ದು, ನೀರು ಸುಮಾರು ಕೆಂಪಾಗಿದ್ದರೆ ಅಪಾಯ ಹೆಚ್ಚು' ಎಂಬಂಥ ನಿಯಮಗಳನ್ನು ಹಿಂದಿನ ಅನುಭವದಿಂದ ಕಲಿತು, ಪ್ರತಿಯೊಂದೂ ಇವತ್ತಿಗೆ ಎಷ್ಟು ಹೊಂದುತ್ತದೆಂದು ಸೊನ್ನೆಗೂ ಒಂದಕ್ಕೂ ನಡುವೆ ತೂಗಿ ತೀರ್ಮಾನಕ್ಕೆ ಬರಬಹುದು. ಹೊರದೇಶದಲ್ಲಿ ಸಿಮೆಂಟ್ ಸುಡುವ ಗೂಡುಗಳನ್ನೇ ಹೀಗೆ ನಡೆಸುತ್ತಾರಂತೆ. ಹೊಳೆ ಯಾವ ಮಹಾ ಲೆಕ್ಕ ಎಂದುಕೊಂಡೆ.

ನೀರು ಬಂದ ವರ್ಷಗಳಲ್ಲಿ ಮಳೆ ಹೇಗಿತ್ತು, ಹೊಳೆಯ ಬಣ್ಣ ಹೇಗಿತ್ತು ಎಂದು ಪೇಟೆಯ ಹಿರಿಯರನ್ನೆಲ್ಲ ಕೇಳಿದೆ. ನಾ ಮುಂದು ತಾ ಮುಂದು ಎಂದು ಹೇಳಿದರು. ಅಂಗಡಿಯ ಬಾಗಿಲ ಹಲಗೆಯ ಒಳಮೈಯಲ್ಲಿ ಸೀಮೆಸುಣ್ಣದಿಂದ ನಿಯಮಗಳನ್ನು ಬರೆದೆ. ತುಳುವರ ಆಷಾಢವಾದ ಆಟಿ ತಿಂಗಳ ಮೊದಲ ಜಡಿಮಳೆಗೇ ನನ್ನ ಲೆಕ್ಕ 'ಎತ್ತಿ' ಎಂದಿತು. ಎತ್ತಿದೆವು, ನೀರು ಬರಲಿಲ್ಲ. ಮರುವಾರ ಮತ್ತೆ ಎತ್ತಿದೆವು. ಆಗಲೂ ಹೊಳೆ ಅಂಗಡಿಯ ಹಿಂದೆ ನೀರಿಗಿಳಿಯುವ ಮೆಟ್ಟಿಲ ಕೆಳಗೇ ಹರಿದುಹೋಯಿತು.

"ನಿಮ್ಮ ಹಲಗೆಗೆ ಎರಡು ಹನಿ ಬಿದ್ರೆ ಸಾಕು, ಹೆದರಿಕೆ ಆಗ್ತದೆ ಮಾರಾಯ್ರೆ" ಎಂದರು, ಅಂಗಡಿ ನಡೆಸುತ್ತಿದ್ದ ನನ್ನ ಭಾವ. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ನನಗೆ ಹೊಳೆಯ ಮೇಲೇ ಸಿಟ್ಟು ಬಂತು.

ಹಿಂದಿರುಗುವಾಗ ಬೆಳ್ತಂಗಡಿಯಲ್ಲಿ ಬಸ್ಸು ನಿಂತಿತ್ತು. ಚಡಪಡಿಸುತ್ತ ಕೂತಿದ್ದವನಿಗೆ ಥಟ್ಟನೆ ಹೊಳೆಯಿತು. ನಾನು ಕೇಳಿದ್ದು ನೀರು ಬಂದ ವರ್ಷಗಳನ್ನು ಮಾತ್ರ. ಜೋರು ಮಳೆ ಸುರಿದೂ, ಹೊಳೆ ಕೆಂಪಾಗಿಯೂ ಏನೂ ಆಗದ ದಿನಗಳು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ. ಹಾಗೆ ಕಲಿತ ನಿಯಮಕ್ಕೆ ಪ್ರತಿ ಮಳೆಯಲ್ಲೂ ನೆರೆಯೇ ಕಾಣುತ್ತದೆ.

ಮತ್ತೆ ಹೋಗಿ, ನೀರು ಬಾರದ ವರ್ಷ ಮಳೆ ಹೇಗಿತ್ತು ಎಂದು ಕೇಳಿದರೆ ಪಕ್ಕದ ಜವಳಿ ಅಂಗಡಿಯ ಬ್ಯಾರಿ ಸಾಹುಕಾರರು ನಕ್ಕುಬಿಟ್ಟರು. "ಬಾರದ್ದನ್ನು ಯಾರು ನೆನಪಿಟ್ಟುಕೊಳ್ತಾರೆ ಮಾಷ್ಟ್ರೇ?"

ಹಾಗಾಗಿ ಆ ಮಳೆಗಾಲವಿಡೀ ರಜೆ ಸಿಕ್ಕಾಗಲೆಲ್ಲ ಕೊಡೆ ಹಿಡಿದು ಹೊಳೆಯ ಮೆಟ್ಟಿಲ ಮೇಲೆ ನಿಂತೆ. ಏನೂ ಆಗದ ದಿನಗಳನ್ನೂ ಲೆಕ್ಕಕ್ಕೆ ಸೇರಿಸುತ್ತ ಹೋದಂತೆ ನೀರಿನ ಬಣ್ಣದ ತೂಕ ಇಳಿಯಿತು, ನೀರು ಏರುವ ವೇಗದ ತೂಕ ಏರಿತು. ಹಲಗೆಯ ಮೇಲಿನದನ್ನು ಅಳಿಸಿ ಮತ್ತೆ ಬರೆದೆ. ಭಾವ ಅತ್ತ ಕಣ್ಣೆತ್ತಿಯೂ ನೋಡಲಿಲ್ಲ.

ಮರುವರ್ಷ ಒಂದು ಬೆಳಿಗ್ಗೆ ಘಟ್ಟ ಕಾಣದಷ್ಟು ಮಳೆ. ರಜೆ ಹಾಕಿ ಬಸ್ಸು ಹತ್ತಿದೆ. ಬಂಟ್ವಾಳದಲ್ಲಿ ನಾನು ನೋಡುತ್ತಿದ್ದಂತೆಯೇ ಹೊಳೆ ಒಂದು ಮೆಟ್ಟಿಲು ನುಂಗಿತು. ಸ್ವಲ್ಪದರಲ್ಲೇ ಇನ್ನೊಂದು. ಲೆಕ್ಕ ಹಾಕಿದರೆ ಅಪಾಯ ಮುಕ್ಕಾಲಿಗಿಂತ ತುಸು ಕಡಿಮೆ.

"ಮುಕ್ಕಾಲು ಎಂದರೆ ಎಂತದು? ಎತ್ತುವುದಾ, ಬೇಡವಾ?" ಭಾವ ರೇಗಿದರು.

ಮೂರನೆಯ ಸಲವೂ ಸುಳ್ಳಾದರೆ ಆ ಮುದುಕಿಯ ಮುಖ ಹೇಗೆ ನೋಡಲಿ? ಒಳಗೆ ಹೋಗಿ ಮಂಚದ ಬಳಿ ನಿಂತೆ. ಅತ್ತೆ ನನ್ನ ಮುಖವನ್ನೊಮ್ಮೆ ನೋಡಿದರು. ಎತ್ತಿಕೊಳ್ಳಿ ಎನ್ನುವ ಹಾಗೆ ಎರಡೂ ಕೈ ಚಾಚಿದರು.

"ಕುರ್ಚಿ ತನ್ನಿ" ಎಂದರು.

ಸಂಜೆಯ ಹೊತ್ತಿಗೆ ಕೋಣೆಯೊಳಗೆ ನೀರಿತ್ತು. ಅಟ್ಟದ ಮೆಟ್ಟಿಲಿಳಿದು, ನೀರಿಗೆ ತೋಳಿಳಿಸಿ ಆಳ ನೋಡಿ ಮರಳಿದೆ.

"ಎಷ್ಟು ಬಂತು?" ಅತ್ತೆ ಕೇಳಿದರು.

"ಸುಮಾರು ಬಂತು."

"ಸುಮಾರು ಗಿಮಾರು ಬೇಡ ಮಾರಾಯ್ರೆ. ನನ್ನ ಮಂಚ ಮುಳುಗಿತಾ, ಇಲ್ಲವಾ?"

"ಮುಳುಗಿತು ಅತ್ತೆ."

ಅವರು ನನ್ನ ಒದ್ದೆ ತೋಳನ್ನು ಹಿಡಿದುಕೊಂಡರು. ನೀರು ಇನ್ನೆಷ್ಟು ಏರಿತೋ ಎಂದು ಮತ್ತೆ ನೋಡಿಬರುವ ತವಕ ನನಗೆ. ಅವರು ಕೈ ಬಿಡಲಿಲ್ಲ, ನಾನು ಸುಮ್ಮನೆ ಕೂತೆ.