ಅಮ್ಮ ಇಳಿಯಬೇಕಾದ ದ್ವೀಪ

2012 ನವೆಂಬರ್ 18, ಭಾನುವಾರ, ಸಂಜೆ 4.40. ಹಂಗಾರಕಟ್ಟೆಯ ನಮ್ಮ ಮನೆಯ ಜಗಲಿಯಲ್ಲಿ ಅಮ್ಮ ಎರಡು ಕರಪತ್ರಗಳನ್ನು ಹರಡಿದಳು. ಗಾಳಿಗೆ ಹಾರದಂತೆ ಒಂದರ ಮೇಲೆ ಮಂಡಿನೋವಿನ ಎಣ್ಣೆಯ ಬಾಟಲಿ, ಇನ್ನೊಂದರ ಮೇಲೆ ಎಲೆಯಡಿಕೆ ಡಬ್ಬಿ ಇಟ್ಟು, ತನಗೆ ಬೋಟಿನಲ್ಲಿ ದ್ವೀಪಕ್ಕೆ ಹೋಗಬೇಕು ಎಂದಳು. ಎರಡೂ ಕರಪತ್ರಗಳು ಆ ದಿನದ ಪತ್ರಿಕೆಯ ಮಡಿಕೆಯಲ್ಲಿ ಬಂದಿದ್ದವು. ಎರಡರಲ್ಲೂ ನಮ್ಮ ಕರಾವಳಿಯಲ್ಲಿ ಎಲ್ಲೂ ಇಲ್ಲದ ನೀಲಿ ಬಣ್ಣದ ನೀರಿತ್ತು, ತಣ್ಣೀರುಬಾವಿ ಕಡಲತೀರದಲ್ಲೂ ಸಿಗದಷ್ಟು ತಿಳಿ.

ಅಪ್ಪಯ್ಯ ಕರಪತ್ರಗಳನ್ನು ನೋಡಿ ನಕ್ಕರು. ಅವರು ನಗುವುದಕ್ಕೆ ಕಾರಣವಿತ್ತು. 2009ರವರೆಗೆ ಅವರು ಮೀನುಗಾರಿಕೆ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವರು, ಎಲ್ಲಿ ಬಲೆ ಬಿಡಬೇಕು ಎಂದು ತೀರ್ಮಾನಿಸುವವರು. ಕಟ್ಟಿಕೊಂಡ ಹೆಂಡತಿ ಈಗ ಬಲೆಯೂ ಇಲ್ಲದ, ಮೀನೂ ಹಿಡಿಯದ ಬೋಟಿನಲ್ಲಿ ಸುಮ್ಮನೆ ಕೂತು ಬರುತ್ತೇನೆ ಎನ್ನುವುದು ಅವರಿಗೆ ಅಡುಗೆ ಮಾಡದ ಒಲೆಯ ಮುಂದೆ ಕೂತ ಹಾಗೆ ಕಂಡಿರಬೇಕು.

ಅಮ್ಮ ಇಪ್ಪತ್ತಾರು ವರ್ಷ ಸಾಸ್ತಾನದಲ್ಲಿ ಮೀನು ಮಾರಿದವಳು. ಆದರೆ ಬೋಟು ಹತ್ತಿದವಳಲ್ಲ. ಮೀನಿನ ಬೋಟಿಗೆ ಹೆಂಗಸರು ಕಾಲಿಡಬಾರದು ಎಂಬುದು ನಮ್ಮ ಮನೆಯವರು ಪಾಲಿಸಿಕೊಂಡು ಬಂದ ಕ್ರಮ. ಬೋಟಿನ ಮೀನನ್ನು ಹೊರುವುದಕ್ಕೆ, ಕೊಯ್ಯುವುದಕ್ಕೆ, ಮಾರುವುದಕ್ಕೆ, ಬೋಟು ತಡವಾದರೆ ದಡದಲ್ಲಿ ನಿಂತು ಕಾಯುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇರಲಿಲ್ಲ. ನಾನು ದಿನಚರಿ ಶುರುಮಾಡಿದ್ದು 1997ರಲ್ಲಿ, ಎರಡನೇ ಕ್ಲಾಸಿನಲ್ಲಿ. ಅದರ ಮೊದಲ ಪುಟಗಳಲ್ಲಿ ಇರುವುದು ಬೋಟು ಬಂದ ಹೊತ್ತು ಮಾತ್ರ. ಅಂದಿನಿಂದ 2009ರವರೆಗೆ ಅಮ್ಮ ಹೊಳೆ ಕಡಲು ಸೇರುವ ಅಳಿವೆಯ ದಡದಲ್ಲಿ ಕಾದದ್ದು ನನ್ನ ಲೆಕ್ಕದಲ್ಲಿ 214 ಸಲ. ಇದು ಶಾಲೆಗೆ ರಜೆಯಿದ್ದ ದಿನಗಳ ಲೆಕ್ಕ. ಉಳಿದ ದಿನಗಳಲ್ಲಿ ಅವಳು ಕಾಯಲಿಲ್ಲ ಎಂದಲ್ಲ, ಬರೆದುಕೊಳ್ಳುವವರು ಇರಲಿಲ್ಲ.

ಅಪ್ಪಯ್ಯನ ನಗು ಮುಗಿದ ಮೇಲೆ ಅಮ್ಮ ಹೇಳಿದಳು: “ಹ್ವಾಯ್, ಇಷ್ಟ್ ವರ್ಷ ನೀವ್ ಬೋಟಿಂದ ಇಳುದ್ ನಾನ್ ದಡದಗೆ ನಿಂತ್ ಕಂಡಿದೆ. ಒಂದ್ ಸಲ ನಾನ್ ಇಳಿತೆ, ನೀವ್ ಕಾಣಿ.”

ವಿಷಯ ಇಷ್ಟೇ. ಅವಳಿಗೆ ಬೇಕಿದ್ದದ್ದು ಸಮುದ್ರವಲ್ಲ, ಊಟವಲ್ಲ, ಕರಪತ್ರದ ನೀಲಿಯಲ್ಲ. ಅಳಿವೆಯನ್ನು ಒಮ್ಮೆ ನೀರಿನ ಕಡೆಯಿಂದ ನೋಡಬೇಕು, ಆಮೇಲೆ ಬೋಟಿನಿಂದ ನೆಲಕ್ಕೆ ಇಳಿಯಬೇಕು, ಅಪ್ಪಯ್ಯ ಅದನ್ನು ನಿಂತು ನೋಡಬೇಕು. ಅದಕ್ಕೆ ಹೆಚ್ಚು ಕಾಲಾವಕಾಶವೂ ಇರಲಿಲ್ಲ. ಹಿಂದಿನ ವರ್ಷ ಕುಂದಾಪುರದ ಡಾಕ್ಟರು ಅವಳ ಎಡ ಮಂಡಿಯನ್ನು ಎರಡು ಸಲ ಮಡಚಿ ನೋಡಿ, ಮೆಟ್ಟಿಲು ಕಡಿಮೆ ಮಾಡಿ, ಹಾರುವುದು ಜಿಗಿಯುವುದು ಬೇಡ ಎಂದಿದ್ದರು. ವರ್ಷದೊಳಗೆ ಅವಳು ಮೀನಿನ ಬುಟ್ಟಿಯನ್ನೇ ಬಿಟ್ಟಿದ್ದಳು. ಮುಂದಿನ ವರ್ಷಕ್ಕೆ ಯಾವುದನ್ನು ಬಿಡಬೇಕಾಗುತ್ತದೋ ಯಾರಿಗೂ ಗೊತ್ತಿರಲಿಲ್ಲ.

ಒಂದು ಕರಪತ್ರದ ಬೋಟು ಅಳಿವೆಯವರೆಗೆ ಹೋಗಿ, ಸಮುದ್ರಕ್ಕೆ ಒಮ್ಮೆ ಮುಖ ತೋರಿಸಿ, ಹೊಳೆಗೆ ತಿರುಗಿ ಬಂದು ಒಂದು ಕುದ್ರುವಿನ ಸಿಮೆಂಟ್ ದಕ್ಕೆಗೆ ಕಟ್ಟುತ್ತಿತ್ತು. ಕುದ್ರು ಎಂದರೆ ಹೊಳೆಯ ನಡುವಿನ ದ್ವೀಪ, ದಕ್ಕೆ ಎಂದರೆ ಬೋಟು ತಾಗಿ ನಿಲ್ಲುವ ಕಟ್ಟೆ. ಇನ್ನೊಂದು ಅಳಿವೆ ದಾಟಿ ಸಮುದ್ರದ ಕಲ್ಲಿನ ದ್ವೀಪಕ್ಕೆ ಹೋಗಿ, ಸ್ವಲ್ಪ ದೂರದಲ್ಲಿ ಲಂಗರು ಹಾಕಿ, ಜನರನ್ನು ಸಣ್ಣ ದೋಣಿಯಲ್ಲಿ ದಡಕ್ಕೆ ಬಿಡುತ್ತಿತ್ತು. ಮಂಡಿ ಇರುವ ಯಾರಿಗಾದರೂ ಇದರಲ್ಲಿ ಆಯ್ಕೆ ಮಾಡಲು ಅರ್ಧ ನಿಮಿಷ ಸಾಕು. ಆದರೆ ಮನೆಯಲ್ಲಿ ತಾಂಡೇಲರಿದ್ದರು. ನಾವು ಒಂದು ವಾರ ತೆಗೆದುಕೊಂಡೆವು.

ಅಪ್ಪಯ್ಯ ಮೊದಲು ಎರಡೂ ಬೋಟಿನವರಿಗೆ ಫೋನು ಮಾಡಿದರು. ಕುದ್ರುವಿನ ಬೋಟಿನವರು ಊಟಕ್ಕೆ ಬಂಗುಡೆ ಫ್ರೈ ಇದೆ ಎಂದರು, ಕಲ್ಲಿನ ದ್ವೀಪದವರು ಹಾಡು ಹಾಕುತ್ತೇವೆ ಎಂದರು. ಅಪ್ಪಯ್ಯ ಇಬ್ಬರಿಗೂ ಕೇಳಿದ್ದು ಒಂದೇ, ಬೋಟನ್ನು ಎಲ್ಲಿ ನಿಲ್ಲಿಸುತ್ತೀರಿ, ಅಡಿಯಲ್ಲಿ ಕೆಸರೋ ಮರಳೋ. ಬಂಗುಡೆಯವರು ಫೋನು ಇಟ್ಟರು. ಹಾಡಿನವರು ವಿಚಾರಿಸಿ ಹೇಳುತ್ತೇವೆ ಎಂದರು. ಇಂದಿಗೂ ವಿಚಾರಿಸುತ್ತಿದ್ದಾರೆ.

ನವೆಂಬರ್ 25, ಭಾನುವಾರ, ಬೆಳಿಗ್ಗೆ 8.15ಕ್ಕೆ ಅಪ್ಪಯ್ಯ ಪರಿಚಯದವರ ಪಾತಿ ದೋಣಿಯಲ್ಲಿ ಕುದ್ರುವಿನ ದಕ್ಕೆಯನ್ನು ಪರೀಕ್ಷಿಸಲು ಹೊರಟರು. ನಾನು ನೋಟ್‌ಬುಕ್ಕಿನಲ್ಲಿ ಕೋಷ್ಟಕ ಗೀಚಿಕೊಂಡು ಜೊತೆಗೆ ಹೋದೆ. ಹನ್ನೆರಡು ಕಲಮು, ಒಂದೊಂದಕ್ಕೆ ಒಂದು ಅಂಕ. ಬಿದಿರಿನ ಗಳ ಇಳಿಸಿ ಆಳ ನೋಡಿದರು. ಹಗ್ಗ ಕಟ್ಟುವ ಕಬ್ಬಿಣದ ಬಳೆಯನ್ನು ಜಗ್ಗಿದರು, ಅದರ ತುಕ್ಕು ಕೈಗೆ ಬಂತು. ಬೋಟು ಗೋಡೆಗೆ ಉಜ್ಜದಂತೆ ಇಳಿಬಿಟ್ಟ ಟಯರುಗಳು ಎರಡೇ ಇದ್ದವು, ಎರಡೂ ಬೋಳು. ಹೊಳೆಯ ಸೆಳೆತ ನೇರವಾಗಿ ಗೋಡೆಗೆ ಬಡಿಯುತ್ತಿತ್ತು. ಅಪ್ಪಯ್ಯ ದಕ್ಕೆ ಕಟ್ಟಿಸಿದವರ ಬುದ್ಧಿಯ ಬಗ್ಗೆ ನಾಲ್ಕು ಮಾತು ಆಡಿದರು, ಅವು ಕೋಷ್ಟಕದಲ್ಲಿಲ್ಲ. ಅಂಕ ಹನ್ನೆರಡರಲ್ಲಿ ನಾಲ್ಕು.

ಕಲ್ಲಿನ ದ್ವೀಪವನ್ನು ನೋಡಬೇಕಾಗಿಯೇ ಇರಲಿಲ್ಲ. ಅಪ್ಪಯ್ಯ ಒಮ್ಮೆ ಗಾಳಿಗೆ ಸಿಕ್ಕು ಅದರ ಮರೆಯಲ್ಲಿ ಬೋಟು ನಿಲ್ಲಿಸಿದ ಕಥೆಯನ್ನು ನಾನು ಬಾಲ್ಯದಿಂದ ಕೇಳಿದ್ದೆ. ಅಡಿಯಲ್ಲಿ ಮರಳು, ಲಂಗರು ಕಚ್ಚಿದರೆ ಕಚ್ಚಿದ್ದೇ, ಮೂರು ಕಡೆ ಕಲ್ಲಿನ ಮರೆ, ನೀರು ತಟ್ಟೆಯ ಹಾಗೆ. ಹನ್ನೆರಡರಲ್ಲಿ ಹನ್ನೊಂದು. ಒಂದು ಅಂಕ ಕಡಿಮೆಯಾದದ್ದು, ಪೂರ್ತಿ ಅಂಕ ಕೊಡುವುದು ಒಳ್ಳೆಯ ಅಭ್ಯಾಸವಲ್ಲ ಎಂಬ ಕಾರಣಕ್ಕೆ.

ಊಟದ ಹೊತ್ತಿಗೆ ಅಮ್ಮ ಒಂದೇ ಒಂದು ಪ್ರಶ್ನೆ ಕೇಳಿದಳು. ಅದನ್ನು ನಾನು ಬರೆದುಕೊಂಡಿದ್ದೇನೆ: “ಇಳುದ್ ಹ್ಯಾಂಗೆ?” ಸಣ್ಣ ದೋಣಿ ಬರುತ್ತದೆ, ತಾನು ಜೀವಮಾನವಿಡೀ ಹಾಗೇ ಇಳಿದದ್ದು ಎಂದು ಅಪ್ಪಯ್ಯ ಹೇಳಿದರು. ಅದು ನಿಜ. ನನ್ನ ಕೋಷ್ಟಕದ ಹನ್ನೆರಡು ಕಲಮುಗಳಲ್ಲಿ ಅಮ್ಮ ಎಲ್ಲೂ ಇರಲಿಲ್ಲ ಎಂಬುದು ನನಗೂ ಆಗ ಹೊಳೆಯಲಿಲ್ಲ. ಹೊಳೆಯಬೇಕಿತ್ತು. ಬೈಂದೂರಿನ ಅತ್ತೆಯ ಮನೆಗೆ ಹೋಗುವಾಗ ದಾರಿಯಲ್ಲಿ ನಿಂತರೆ, ಇರುವ ಒಂದು ಮರದ ನೆರಳಿನಲ್ಲಿ ಸ್ಕೂಟರನ್ನು ನಿಲ್ಲಿಸಿ ನಮ್ಮನ್ನು ಬಿಸಿಲಿನಲ್ಲಿ ನಿಲ್ಲಿಸುವ ಮನುಷ್ಯ ಅವರು. ಸೀಟು ಬಿಸಿಯಾಗಬಾರದಲ್ಲ.

ಡಿಸೆಂಬರ್ 16, ಭಾನುವಾರ, ಹನ್ನೊಂದು ಅಂಕದ ಕಲ್ಲಿನ ದ್ವೀಪಕ್ಕೆ. ಬೋಟು ಹೊರಟದ್ದು 9.50ಕ್ಕೆ, ಕರಪತ್ರದ ಪ್ರಕಾರ 9.00ಕ್ಕೆ. ಹತ್ತುವುದೇನೂ ಕಷ್ಟವಾಗಲಿಲ್ಲ, ನಮ್ಮ ಕಡೆಯ ದಕ್ಕೆಗೆ ಅಗಲದ ಹಲಗೆ ಹಾಕಿದ್ದರು. ನಮ್ಮನ್ನು ಸೇರಿ ನಲವತ್ತೊಂದು ಜನ. ಅಮ್ಮ ಮದುವೆ ಮನೆಗೆ ಉಡುವ ಸೀರೆ ಉಟ್ಟು ಮುಂದಿನ ಬೆಂಚಿನಲ್ಲಿ ಕೂತಳು. ಅಪ್ಪಯ್ಯ ಕೂರಲಿಲ್ಲ. ಬೇರೆಯವರು ನಡೆಸುವ ಬೋಟಿನಲ್ಲಿ ಕೂರುವುದು ಅವರಿಗೆ ಬರುವುದಿಲ್ಲ.

10.20ಕ್ಕೆ ಅಳಿವೆ ದಾಟಿದೆವು. ಅಮ್ಮ ತಿರುಗಿ, ತಾನು ನಿಲ್ಲುತ್ತಿದ್ದ ಜಾಗವನ್ನು ಹುಡುಕಿದಳು. ಒಂದು ಬಿಳಿ ಗೆರೆಯಷ್ಟು ಮರಳು, ಅದರ ಹಿಂದೆ ತೆಂಗಿನ ತಲೆಗಳು.

“ಅಲ್ಲಿ ನಿಂತ್ರೆ ನಾನ್ ಇಲ್ಲಿಗೆ ಎಷ್ಟ್ ಕಾಂತಿದ್ದೆ?” ಎಂದು ಕೇಳಿದಳು.

“ಕಾಂತಿರ್ಲಿಲ್ಲ,” ಎಂದರು ಅಪ್ಪಯ್ಯ.

“ಮತ್ತೆ ಕೈ ಬೀಸ್ತಿದ್ರಿ?”

“ಎಲ್ರೂ ಬೀಸ್ತಿದ್ರ್. ನಾನೂ ಬೀಸ್ದೆ.”

ನಾನು 214 ಎಂಬ ಅಂಕಿಯನ್ನು ಈ ಸಂದರ್ಭದಲ್ಲಿ ನೆನಪಿಸುವುದು ಬೇಡ ಎಂದು ತೀರ್ಮಾನಿಸಿದೆ.

10.55ಕ್ಕೆ ಲಂಗರು ಬಿತ್ತು. ಬೋಟು ಅಲುಗಲಿಲ್ಲ. ಅಪ್ಪಯ್ಯ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಅವರು ಹಗ್ಗದ ಬಿಗಿಯನ್ನು ಕೈಯಿಂದ ಮುಟ್ಟಿ ನೋಡಿ, ಪಕ್ಕದಲ್ಲಿದ್ದ ಬ್ರಹ್ಮಾವರದ ಮೇಷ್ಟರೊಬ್ಬರಿಗೆ ಬೋಟು ನಿಲ್ಲಿಸಬೇಕಾದರೆ ಇಂಥ ಜಾಗವೇ ಬೇಕು ಎಂದು ವಿವರಿಸಿದರು. ಮೇಷ್ಟರು ಬೋಟು ಕೊಳ್ಳುವ ಆಲೋಚನೆಯಲ್ಲಿದ್ದಂತೆ ಕಾಣಲಿಲ್ಲ, ಆದರೂ ತಲೆಯಾಡಿಸಿದರು.

ಆಗ ಸಣ್ಣ ದೋಣಿ ಬಂದು ಪಕ್ಕಕ್ಕೆ ತಾಗಿತು. ಬೋಟಿನ ಅಂಚಿಗೂ ದೋಣಿಯ ತಳಕ್ಕೂ ನನ್ನ ಸೊಂಟದಷ್ಟು ಅಂತರ. ಜನ ಅಂಚಿನ ಮೇಲೆ ಕೂತು, ಕೆಳಗಿನವರ ಕೈ ಹಿಡಿದು ಜಿಗಿದರು. ನಾಲ್ಕು ಸಾರಿ ದೋಣಿ ಹೋಗಿ ಬಂತು, ಮೂವತ್ತೆಂಟು ಜನ ಇಳಿದರು. ಉಳಿದವರು ಮೂವರು, ಮೂವರೂ ಒಂದೇ ಮನೆಯವರು.

ಅಮ್ಮ ಅಂಚಿನವರೆಗೆ ಬಂದು ಕೆಳಗೆ ನೋಡಿದಳು, ಮಂಡಿಯನ್ನು ಒಮ್ಮೆ ಒತ್ತಿಕೊಂಡಳು, ಬೆಂಚಿಗೆ ಮರಳಿದಳು. ಅಪ್ಪಯ್ಯ ನೀರನ್ನು ನೋಡುತ್ತಿದ್ದರು. ನಾನು ಹನ್ನೆರಡು ಕಲಮಿನ ಪುಟ ತೆಗೆದು ಮತ್ತೆ ಮುಚ್ಚಿದೆ.

“ಬೋಟ್ ಆರಾಮ್ ಇತ್ತ್ ಅಲ್ದಾ?” ಎಂದಳು ಅಮ್ಮ.

ಅಪ್ಪಯ್ಯ ಹೂಂಗುಟ್ಟಿದರು.

“ಇರತ್ತ್. ಬೋಟಿಗೆ ಮಂಡಿನೋವಿಲ್ಲೆ ಕಾಣಿ.”

ಬೋಟಿನ ಕೆಲಸದವರೊಬ್ಬರು ಸಹಾಯಕ್ಕೆ ಬಂದರು. ಭರತದ ಹೊತ್ತು, ನೀರು ಏರುತ್ತಿದೆ, ಒಂದು ಗಂಟೆ ಕಾದರೆ ಇಳಿಯುವುದು ಸುಲಭವಾಗುತ್ತದೆ ಎಂದರು. ನೀರು ಏರಿದರೆ ಬೋಟೂ ಏರುತ್ತದೆ ಎಂದು ಅಪ್ಪಯ್ಯ ಬಹಳ ಸೌಮ್ಯವಾಗಿ ಹೇಳಿದರು. ಅವರು ಅಷ್ಟು ಸೌಮ್ಯವಾಗಿ ಮಾತಾಡಿದ್ದು ನನ್ನ ದಿನಚರಿಯಲ್ಲಿ ಬೇರೆಲ್ಲೂ ಇಲ್ಲ. ಆ ಕೆಲಸದವರ ಎರಡನೇ ಸಲಹೆ, ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹಗ್ಗ ಕಟ್ಟಿ ಇಳಿಸುವುದು. ತಾನೇನು ಐಸಿನ ಪೆಟ್ಟಿಗೆಯಾ ಎಂದು ಅಮ್ಮ ಕೇಳಿದ ಮೇಲೆ ಅವರು ಮೂರನೆಯದನ್ನು ಹೇಳಲಿಲ್ಲ.

11.40ರವರೆಗೆ ಹೀಗೇ ಕೂತೆವು. ದ್ವೀಪದಲ್ಲಿ ಮೂವತ್ತೆಂಟು ಜನ ಒಬ್ಬರ ಫೋಟೋ ಒಬ್ಬರು ತೆಗೆಯುವುದು ಕಾಣುತ್ತಿತ್ತು.

ಅಮ್ಮನ ಕಣ್ಣು ಅಡುಗೆಯ ಪಾತ್ರೆಗಳಿದ್ದ ಕಡೆಗೆ ಹೋಯಿತು. ಅಲ್ಲಿ ತಂಪುಪಾನೀಯದ ಬಾಟಲಿಗಳ ಪ್ಲಾಸ್ಟಿಕ್ ಕ್ರೇಟುಗಳಿದ್ದವು. ಅವಳು ಎದ್ದು ಅವನ್ನು ಖಾಲಿ ಮಾಡಿಸಿದಳು. ಇಪ್ಪತ್ತಾರು ವರ್ಷ ಮುಂಜಾನೆ ಮೀನಿನ ಟೆಂಪೋ ಹತ್ತಿದ್ದು, ಸಾಸ್ತಾನದಲ್ಲಿ ಇಳಿದದ್ದು ಇಂಥದೇ ಕ್ರೇಟುಗಳ ಮೇಲೆ ಕಾಲಿಟ್ಟು. ಟೆಂಪೋಗೆ ಯಾರೂ ಅವಳಿಗೆಂದು ಮೆಟ್ಟಿಲು ಮಾಡಿಸಿರಲಿಲ್ಲ. ಎರಡು ಕ್ರೇಟುಗಳನ್ನು ಒಂದರ ಮೇಲೊಂದು ಬೋರಲಾಗಿ ದೋಣಿಯಲ್ಲಿಟ್ಟು, ಪಕ್ಕದಲ್ಲಿ ಒಂಟಿ ಕ್ರೇಟು ಇರಿಸುವಂತೆ ಹೇಳಿದಳು. ಅಪ್ಪಯ್ಯ ದೋಣಿಗೆ ಹಾರಿ ಅವನ್ನು ಹಗ್ಗದಿಂದ ಬಿಗಿದರು. ಹಾಕಿದ ಗಂಟು ತಾಂಡೇಲರ ಗಂಟು, ಅದಕ್ಕೆ ನಾನು ಹನ್ನೆರಡಕ್ಕೆ ಹನ್ನೆರಡು ಕೊಡುತ್ತೇನೆ.

ಅಮ್ಮ ಬೋಟಿನ ಕಡೆ ಮುಖ ಮಾಡಿ, ಟೆಂಪೋದಿಂದ ಇಳಿಯುವ ಹಾಗೆ ಹಿಮ್ಮುಖವಾಗಿ, ಮೊದಲು ನೋವಿನ ಕಾಲನ್ನು ಇಳಿಬಿಟ್ಟಳು. ಅಪ್ಪಯ್ಯ ಹಿಡಿಯಲು ಕೈ ಚಾಚಿದರು.

“ಕೈ ತೆಗಿನಿ,” ಎಂದಳು, ತಿರುಗಿ ನೋಡದೆ. “ಕಾಂಬುದ್ ನಿಮ್ ಕೆಲ್ಸ.”

ಅಪ್ಪಯ್ಯ ಕೈ ತೆಗೆದು ನೋಡಿದರು. ಮೂರು ಹೆಜ್ಜೆ, ಒಂದೂವರೆ ನಿಮಿಷ. ದೋಣಿಯಿಂದ ಮರಳಿಗೆ ಇಳಿಯುವಾಗ ಅದೇ ಒಂಟಿ ಕ್ರೇಟು, ಪಾದ ಮುಳುಗುವಷ್ಟು ನೀರು. ಅಮ್ಮ ದ್ವೀಪದ ಮೇಲೆ ನಿಂತದ್ದು 12.06ಕ್ಕೆ. ಊಟಕ್ಕೆ ಹಾರ್ನ್ ಕೂಗಿದ್ದು 12.20ಕ್ಕೆ. ಹದಿನಾಲ್ಕು ನಿಮಿಷ ಅವಳು ನಾಲ್ಕು ಕಡೆ ನೋಡಿ, ನೆರಳಿಲ್ಲ, ಕೂರಲು ಜಾಗವಿಲ್ಲ, ಇದಕ್ಕಿಂತ ಸಾಸ್ತಾನದ ಮಾರ್ಕೆಟ್ಟೇ ವಾಸಿ ಎಂದಳು. ಮುಖದಲ್ಲಿ ಮಾತ್ರ ಬೇರೆಯೇ ಇತ್ತು. ಹತ್ತುವ ಕಥೆಯನ್ನು ಬರೆಯುವುದಿಲ್ಲ, ಅದಕ್ಕೆ ನಾಲ್ಕು ಕ್ರೇಟು ಬೇಕಾಯಿತು.

ಮನೆಗೆ ಬಂದ ಮೇಲೆ ಅಮ್ಮ ತೀರ್ಪು ಕೊಟ್ಟಳು. ಇದು ಲೆಕ್ಕಕ್ಕಿಲ್ಲ. ಬೋಟಿನಿಂದ ದೋಣಿಗೆ, ದೋಣಿಯಿಂದ ಕ್ರೇಟಿಗೆ, ಕ್ರೇಟಿನಿಂದ ನೀರಿಗೆ ಇಳಿದದ್ದು ಟೆಂಪೋ ಇಳಿದ ಹಾಗಾಯಿತು. ಬೋಟಿನಿಂದ ನೇರವಾಗಿ ನೆಲಕ್ಕೆ ಇಳಿಯಬೇಕು, ಮಂಡಿ ಇನ್ನೂ ಮಾತು ಕೇಳುತ್ತಿರುವಾಗಲೇ.

ಅಪ್ಪಯ್ಯ ತಕ್ಷಣ ಒಪ್ಪಿದರು. ಕುದ್ರುವಿನ ದಕ್ಕೆಗೇ ಹೋಗೋಣ, ಬೋಟು ಉಜ್ಜಿದರೆ ಉಜ್ಜಲಿ ಎಂದರು. ಅವರ ಬಾಯಲ್ಲಿ ಇದು ಸಣ್ಣ ಮಾತಲ್ಲ. ಜನವರಿ 6ರಂದು ಫೋನು ಮಾಡಿದಾಗ ಬಂಗುಡೆಯವರು ಆ ದಕ್ಕೆಗೆ ಈಗ ಹೋಗುತ್ತಿಲ್ಲ ಎಂದರು. ಸೆಳೆತಕ್ಕೆ ಬೋಟು ಗೋಡೆಗೆ ಬಡಿದು ಪಕ್ಕದ ಹಲಗೆ ಒಡೆದಿತ್ತಂತೆ. ಅಪ್ಪಯ್ಯ ಬಹಳ ಬೇಸರದ ಮುಖ ಮಾಡಿಕೊಂಡು ಈ ಸುದ್ದಿಯನ್ನು ಅಮ್ಮನಿಗೆ ಹೇಳಿದರು. ಆಮೇಲೆ ಬಾವಿಯ ಹಿಂದೆ ಹೋಗಿ ಒಬ್ಬರೇ ನಗುತ್ತಿದ್ದದ್ದನ್ನು ನಾನು 5.25ಕ್ಕೆ ನೋಡಿದ್ದೇನೆ.

ಈಗ ನನ್ನ ಹೊಸ ಕೋಷ್ಟಕದಲ್ಲಿ ಒಂದೇ ಕಲಮು ಇದೆ. ನಮ್ಮ ಮನೆಯ ಹೊಸ್ತಿಲು ಏಳು ಅಂಗುಲ, ಅಮ್ಮ ಅದನ್ನು ಯಾರ ಸಹಾಯವೂ ಇಲ್ಲದೆ ದಾಟುತ್ತಾಳೆ. ಬೋಟು ದಕ್ಕೆಗೇ ತಾಗಿ ನಿಲ್ಲುವ, ಇಳಿಯುವ ಮೆಟ್ಟಿಲು ಏಳು ಅಂಗುಲ ಮೀರದ, ದಾರಿಯಲ್ಲಿ ಅಳಿವೆಯನ್ನು ನೀರಿನ ಕಡೆಯಿಂದ ತೋರಿಸುವ ದ್ವೀಪ ಕುಂದಾಪುರದ ಕಡೆಯಾಗಲಿ ಬೈಂದೂರಿನ ಕಡೆಯಾಗಲಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ನನಗೆ ಬರೆದು ತಿಳಿಸಿ. ಭರತದಲ್ಲಿ ಎಷ್ಟು ಅಂಗುಲ, ಇಳಿತದಲ್ಲಿ ಎಷ್ಟು ಅಂಗುಲ ಎಂದು ಬೇರೆ ಬೇರೆ ಬರೆಯಿರಿ. ಊಟದ ವಿವರ ಬೇಡ. ಬೋಟು ಅಲ್ಲಿ ಎಷ್ಟು ಆರಾಮವಾಗಿ ನಿಲ್ಲುತ್ತದೆ ಎಂಬುದನ್ನಂತೂ ಬರೆಯಲೇಬೇಡಿ. ಮನೆಗೆ ಬರುವ ಕಾಗದಗಳನ್ನು ಮೊದಲು ಒಡೆದು ಓದುವವರು ಅಪ್ಪಯ್ಯ.